ಮಣಿಗಳು ಮಾತು ಬಿಟ್ಟ ವಾರ

ಜೋಳ ಕೊಯ್ದ ಎರೆಹೊಲದ ದಿಬ್ಬದ ಮೇಲೆ ಅಮೋಗಸಿದ್ದ ಕಂಬಳಿ ಹಾಸಿ ಕುಳಿತಿದ್ದ. ದೃಷ್ಟಿ ಹೋಗಿ ವರ್ಷಗಳಾಗಿದ್ದರೂ ಹಿಂಡು ಕಾಯುತ್ತಿದ್ದವನು ಅವನೇ. ಪ್ರತಿ ಕುರಿಯ ಕೊರಳಪಟ್ಟಿಯಲ್ಲೂ ಕಡಲೆಕಾಳಿನಷ್ಟು ದೊಡ್ಡ ಮಣಿಯೊಂದಿತ್ತು. ಅದು ಹೊರಡಿಸುವ ರೇಡಿಯೋ ಅಲೆಯನ್ನು ಮತ್ತೊಂದು ಕುರಿಯ ಮಣಿ ಹಿಡಿದು ಮುಂದಿನದಕ್ಕೆ ದಾಟಿಸುತ್ತಿತ್ತು. ಹೀಗೆ ಕೊರಳಿಂದ ಕೊರಳಿಗೆ ಬಂದ ಸುದ್ದಿ ಅವನ ಕಿವಿಯೊಳಗಿನ ಗುಂಡಿಯಲ್ಲಿ ಸಣ್ಣ ಗಂಟೆಯ ದನಿಯಾಗುತ್ತಿತ್ತು. ಯಾವ ಕುರಿ ಯಾವ ದಿಕ್ಕಿಗಿದೆ, ಯಾವುದು ಕುಂಟುತ್ತಿದೆ ಎಂಬುದೆಲ್ಲ ಅವನಿಗೆ ಆ ದನಿಯಲ್ಲೇ ತಿಳಿಯುತ್ತಿತ್ತು.

ಆ ದಿನ ಹಿಂಡು ಹರಡಿಕೊಂಡಂತೆಲ್ಲ ಗಂಟೆಗಳು ಒಂದೊಂದಾಗಿ ನಿಂತವು.

"ಕೆಂಚಿ, ಕುರಿ ಎಲ್ಲಿ ಹೋದ್ವು?"

"ಇಲ್ಲೇ ಅದಾವಲ್ಲ, ಹಳ್ಳದ ದಂಡಿಗೆ," ಎಂದಳು ಹೆಂಡತಿ ಕೆಂಚವ್ವ.

ಅವನು ಗುಂಡಿಯನ್ನು ಕಿವಿಯೊಳಗೆ ಇನ್ನಷ್ಟು ಒತ್ತಿಕೊಂಡ. ಕಣ್ಣಿನ ಹಿಂದೆಯೇ ಕಿವಿಯೂ ಹೊರಟಿತೆಂದುಕೊಂಡ. ಅಂದಿನಿಂದ ಸಿಳ್ಳೆ ಹಾಕಿ ಹಾಕಿ ಕುರಿಗಳನ್ನು ಹತ್ತಿರದಲ್ಲೇ ಒತ್ತಟ್ಟಿಗೆ ನಿಲ್ಲಿಸತೊಡಗಿದ. ಅವುಗಳ ಹೊಟ್ಟೆ ತುಂಬಲಿಲ್ಲ. ವಾರ ಮುಗಿಯುವಷ್ಟರಲ್ಲಿ ಕರಿಮೋರಿ ಎಂಬ ಗಬ್ಬದ ಕುರಿ ಕಾಣೆಯಾಯಿತು.

"ಹಿಂಡು ನಿನ್ನ ತಮ್ಮಗ ಒಪ್ಪಿಸು. ನಾ ಇನ್ನ ಮನ್ಯಾಗ ಕುಂದರ್ತೀನಿ," ಎಂದ.

ಕೆಂಚವ್ವ ಆ ಮಣಿಗಳನ್ನು ರೂಪಿಸಿದ ವಿಜಯಪುರದ ವಿಜ್ಞಾನಿ ರುಬೀನಾ ನದಾಫರಿಗೆ ಫೋನು ಮಾಡಿದಳು.

ಮರುದಿನವೇ ಬಂದ ರುಬೀನಾ ಬ್ಯಾಟರಿ ಬದಲಿಸಿ ನೋಡಿದರು. ಒದ್ದೆ ಉಣ್ಣೆ ಅಲೆಗಳನ್ನು ನುಂಗುತ್ತದೆಂದು ಮಣಿಯ ಸುತ್ತಲಿನ ಉಣ್ಣೆ ಕತ್ತರಿಸಿದರು. ಏನೂ ಆಗಲಿಲ್ಲ. ಮಣಿಗಳಿಗೆ ಕಳೆದ ವಾರವಷ್ಟೇ ವಿಜಯಪುರದಿಂದ ಗಾಳಿಯಲ್ಲೇ ಹೊಸ ತಂತ್ರಾಂಶ ಬಂದು ಸೇರಿದ್ದು ಅವರಿಗೆ ನೆನಪಾಯಿತು. ಆಗ ಅವರು ಒಂದು ಮಣಿಗೆ ಹಳೆಯ ತಂತ್ರಾಂಶ ತುಂಬಿ, ಹೊಸದಿದ್ದ ಮಣಿಯ ಜೊತೆ ಕೊರಳಪಟ್ಟಿ ಸಮೇತ ಕೆಂಚವ್ವನ ಕೈಗಿತ್ತು ನಡೆಯಲು ಹೇಳಿದರು. ಹೊಸದು ಬದುವಿನ ಹತ್ತಿರವೇ ಮೌನವಾಯಿತು. ಹಳೆಯದು ಹಳ್ಳ ದಾಟಿದರೂ ದನಿಗೊಡುತ್ತಿತ್ತು.

"ನನ್ನ ಕಿವಿ ಹೋತೇನ್ರಿ, ಅಕ್ಕಾರ?" ಅಮೋಗಸಿದ್ದ ಮೆಲ್ಲಗೆ ಕೇಳಿದ.

ರುಬೀನಾ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. "ನಿಮ್ಮ ಕಿವಿಗೆ ಏನೂ ಆಗಿಲ್ರಿ, ಅಣ್ಣಾರ. ಮಣಿಗೆ ಎರಡು ಆಂಟೆನಾ ಅದಾವ. ಒಳಗೊಂದು ಸಣ್ಣದು, ಪಟ್ಟಿಯೊಳಗ ಹೆಣೆದ ಉದ್ದನ್ನ ತಂತಿ ಇನ್ನೊಂದು. ಹೊಸ ತಂತ್ರಾಂಶ ಆ ತಂತೀನ ಮರತೈತಿ. ಕಳಿಸೂ ಮೊದಲು ನಾವು ಎಲ್ಲಾ ಮಣಿ ಒಂದ ಮೇಜಿನ ಮ್ಯಾಲೆ ಇಟ್ಟು ನೋಡಿದ್ವಿ. ಹತ್ತಿರ ಹತ್ತಿರ ಇದ್ವಲ್ಲ, ಅಲ್ಲಿ ಎಲ್ಲಾ ಚಂದ ಕೇಳಿಸಿತ್ತು."

ತಂತ್ರಾಂಶ ತಿದ್ದಿ ಗಾಳಿಯಲ್ಲೇ ಎಲ್ಲ ಮಣಿಗಳಿಗೂ ಕಳಿಸಿದೊಡನೆ ಗಂಟೆಗಳು ಒಂದರ ಹಿಂದೊಂದು ಮರಳಿದವು. ಎಲ್ಲಕ್ಕಿಂತ ಆಚೆ, ತೀರ ಸಣ್ಣಗೆ, ಇನ್ನೊಂದು. ಅಮೋಗಸಿದ್ದ ಎದ್ದು ನಿಂತು ಕೈ ಚಾಚಿದ. "ಕರಿಮೋರಿ. ಅಗೋ, ಆ ಕಡೆ."

ಕೆಂಚವ್ವ ಓಡಿದಳು. ತಾಯಿಕುರಿಯನ್ನು ಹೊಡೆದುಕೊಂಡು ಬಂದವಳು ಇನ್ನೂ ಕಾಲು ನಡುಗುತ್ತಿದ್ದ ಮರಿಯನ್ನು ಅವನ ಮಡಿಲಿಗೆ ಹಾಕಿದಳು. ರುಬೀನಾ ಚೀಲದಿಂದ ಹೊಸ ಮಣಿ ತೆಗೆದರು.

"ಈಗ ಬ್ಯಾಡ್ರಿ," ಎಂದ ಅವನು, ಮರಿಯ ಕಿವಿ ಸವರುತ್ತ. "ಒಂದೀಟು ದಿನ ಕೈಯಾಗ ಇರ್ಲಿ." ಆಮೇಲೆ ನಕ್ಕ. "ಮುಂದಿನ ಸಲ ಆ ಮೇಜು ಇಲ್ಲೇ ತಂದು ಹಾಕ್ರಿ."

ರುಬೀನಾ ಹಾಗೆಯೇ ಮಾಡಿದರು. ಅಲ್ಲಿಂದಾಚೆ ಒಂದು ಹಿಂಡು ಬೆಳಗಿನಿಂದ ಬೈಗಿನವರೆಗೆ ಮೇಯ್ದು ಬಂದು, ಕುರುಬ ಹೂಂ ಎನ್ನುವತನಕ ಯಾವ ಹೊಸ ತಂತ್ರಾಂಶವೂ ಮಣಿಗಳಿಗೆ ಹೋಗಲಿಲ್ಲ. ಆದರೆ ಜನರ ಕೈಯಲ್ಲಿ, ಕಿವಿಯಲ್ಲಿ, ಎದೆಯ ಮೇಲೆ ಇರುವ ಯಂತ್ರಗಳು ಆಗಲೂ ಈಗಿನಂತೆಯೇ, ಆ ಜನ ಮಲಗಿದ್ದಾಗ ಹೊಸ ತಂತ್ರಾಂಶ ಸೇರಿ ಬದಲಾಗುತ್ತಿದ್ದವು. ಎದ್ದವರಲ್ಲಿ ಎಷ್ಟೋ ಮಂದಿ, ಏನೋ ಕಡಿಮೆಯಾಗಿದೆ ಅನಿಸಿದರೂ ಯಾರನ್ನೂ ಕೇಳದೆ, ತಮಗೇ ವಯಸ್ಸಾಯಿತೆಂದು ಸುಮ್ಮನಾಗುತ್ತಿದ್ದರು.