ಏರು ಹತ್ತದ ಹಳದಿ ವ್ಯಾನ್

"ಅಂಕಲ್, ಸೌತೆಕಾಯಿ ಗಾಡಿ ನಮ್ಮನ್ನ ಓವರ್‌ಟೇಕ್ ಮಾಡ್ತು!" ಸಮರ್ಥ ಕಿಟಕಿಯಿಂದ ಕೂಗಿದ.

ಮಾಡಿಯೇ ಮಾಡಿತ್ತು. ವಿಜಯನಗರದ ಏರಿನಲ್ಲಿ ಸೌತೆಕಾಯಿಯ ತಳ್ಳುಗಾಡಿ ಹಳದಿ ಸ್ಕೂಲ್ ವ್ಯಾನನ್ನು ಹಿಂದೆ ಹಾಕಿ ಹೋಯಿತು. ಅದರ ಹಿಂದೆ ಒಂದು ಹಸು ಹೋಯಿತು. ಹಸುವಿನ ಹಿಂದೆ ಒಂದು ಬಸವನಹುಳುವೂ ಹೋಯಿತು ಎಂದರೆ ನೀವು ನಂಬುವುದಿಲ್ಲ. ಆದರೆ ಹೋಯಿತು. ತಿರುಗಿ ನೋಡಿ ನಕ್ಕಿತು ಕೂಡ.

"ಅಪ್ಪಾ, ಇನ್ನೂ ಜೋರಾಗಿ ಆಕ್ಸಿಲರೇಟರ್ ಒತ್ತು!" ಮುಂದಿನ ಸೀಟಿನಲ್ಲಿದ್ದ ಸಿಂಚನ ಹೇಳಿದಳು.

"ಒತ್ತೀ ಒತ್ತೀ ಕಾಲು ರೋಡಿಗೇ ತಾಗ್ತಾ ಇದೆ ಕಣಮ್ಮ," ಎಂದರು ಅಪ್ಪ ಗೋವಿಂದರಾಜು. ಅವರ ಕಿವಿ ಟೊಮ್ಯಾಟೊ ಹಣ್ಣಾಗಿತ್ತು. ವ್ಯಾನಿನ ಹಿಂದೆ ಕಪ್ಪು ಹೊಗೆ ಎಷ್ಟಿತ್ತೆಂದರೆ, ಬೆಳಗಿನ ಎಂಟು ಗಂಟೆಗೇ ಬೀದಿದೀಪ ಹೊತ್ತಿಕೊಳ್ಳಬೇಕು!

ತಮಾಷೆ ಏನೆಂದರೆ, ಅದು ಹೊಸದರಂಥ ಇಂಜಿನ್. ಹಳೆಯದು ಸುಸ್ತಾಗಿ ನಿಂತಾಗ ಮೆಕ್ಯಾನಿಕ್ ಮಂಟಯ್ಯ ಅದನ್ನು ಇಳಿಸಿ, ಪೂರಾ ಬಿಚ್ಚಿ, ಸವೆದದ್ದನ್ನೆಲ್ಲ ಬದಲಾಯಿಸಿ ಮತ್ತೆ ಕಟ್ಟಿದ್ದರು. ಹನ್ನೊಂದು ದಿನದ ಕೆಲಸ. ಮಂಟಯ್ಯ ಎಂದರೆ ಯಾರು ಅಂದುಕೊಂಡಿರಿ? ಚಾಮುಂಡಿಬೆಟ್ಟದ ಮೇಲೆ ಕೆಮ್ಮಿದ ಗಾಡಿಯ ಕಾಯಿಲೆಯನ್ನು ಹೆಬ್ಬಾಳದ ತಮ್ಮ ಶೆಡ್ಡಿನಲ್ಲಿ ಟೀ ಕುಡಿಯುತ್ತಲೇ ಹೇಳುವವರು!

ಸ್ಕೂಲ್ ಗೇಟಿನಲ್ಲಿ ಸಮರ್ಥನ ಅಮ್ಮ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಏನ್ರೀ ಗೋವಿಂದರಾಜು, ವಾರವೆಲ್ಲ ಲೇಟು. ಸೋಮವಾರವೂ ಹೀಗೇ ಆದರೆ ನಾವು ಬೇರೆ ವ್ಯಾನ್ ನೋಡ್ಕೋತೀವಿ."

"ನಂದೇನಿಲ್ಲ ಮೇಡಂ. ಇಂಜಿನ್ ಕಟ್ಟಿದ ಮೆಕ್ಯಾನಿಕ್ಕೇ ಏನೋ ಎಡವಟ್ಟು ಮಾಡವ್ರೆ."

ಅಂದು ಶನಿವಾರ, ಅರ್ಧ ದಿನದ ಸ್ಕೂಲ್. ಮಧ್ಯಾಹ್ನವೇ ಅಪ್ಪ, ಮಗಳು ವ್ಯಾನಿನಲ್ಲಿ ತೆವಳುತ್ತಾ ಶೆಡ್ ಸೇರಿದರು.

"ನೋಡಿ ಮಂಟಣ್ಣ, ಏನು ಮಾಡಿದ್ದೀರ ಅಂತ!" ಅಪ್ಪನ ದನಿ ನಂಜನಗೂಡಿಗೆ ಕೇಳಿಸಿತು.

ಮಂಟಯ್ಯ ವ್ಯಾನಿನ ಬಾಗಿಲು ತೆಗೆದರು. ಸಿಂಚನ ಕೂರುವ ಸೀಟನ್ನೇ ಎತ್ತಿದರು. ಆ ವ್ಯಾನಿಗೆ ಇಂಜಿನ್ ಇರುವುದು ಸೀಟಿನ ಅಡಿಯಲ್ಲಿ. ಪ್ಲಗ್ ಬಿಚ್ಚಿದರು. ಅದು ಸುಟ್ಟ ಬದನೆಕಾಯಿಗಿಂತ ಕಪ್ಪಾಗಿತ್ತು. ಒರೆಸಿ ಹಾಕಿದರು. ಪೆಟ್ರೋಲ್ ಪೈಪ್ ಊದಿದರು. ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಮೂರು ಸಲ ನೋಡಿದರು. ಸ್ಟಾರ್ಟ್ ಮಾಡಿದರೆ, ನಿಂತಲ್ಲಿ ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಗಂಟಲು ಹಿಡಿದಂತೆ 'ಗೊಕ್' ಎಂದಿತು.

"ಉಸ್ರು ಸಾಲ್ತಾ ಇಲ್ಲ ಇದುಕ್ಕೆ," ಎಂದರು ಮಂಟಯ್ಯ.

"ಗಾಳಿ ಫಿಲ್ಟರ್ ಕಟ್ಟಿಕೊಂಡಿದೆಯೇನೋ?" ಎಂದರು ಅಪ್ಪ.

"ಅದು ಹೊಸ್ದು ಕಣಪ್ಪ. ನನ್ ಕೈಯಾರೆ ಹಾಕಿವ್ನಿ. ಒಳಗೇ ಏನೋ ತಪ್ಪು ಮಾಡ್ಬುಟ್ಟಿವ್ನಿ." ಮಂಟಯ್ಯ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ವಯಸ್ಸಾಯ್ತು. ಈ ಕೈ ನಂಬಂಗಿಲ್ಲ ಇನ್ನು. ಇಂಜಿನ್ ಇಳ್ಸಿ ಮತ್ತೆ ಬಿಚ್ತೀನಿ, ಬುಡು. ಆಮೇಲೆ ಬಾಗ್ಲು ಹಾಕ್ಬುಡ್ತೀನಿ ಶೆಡ್ಡಿಗೆ."

ಆ ಕೈಗಳು ನಡುಗುತ್ತಿದ್ದವು. ಇದನ್ನು ಮಾತ್ರ ಒಂದು ಚೂರೂ ಹೆಚ್ಚಿಸಿ ಹೇಳುತ್ತಿಲ್ಲ.

ಉಸಿರು! ಸಿಂಚನಳಿಗೆ ಥಟ್ಟನೆ ಪೂಜೆಯ ದಿನ ನೆನಪಾಯಿತು.

ಹೋದ ವಾರದ ಶುಕ್ರವಾರ ಇದೇ ಶೆಡ್ಡಿನಲ್ಲಿ ವ್ಯಾನಿಗೆ ಪೂಜೆ ಆಗಿತ್ತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮುಂದೆ ಚೆಂಡು ಹೂವಿನ ಹಾರ. ದೊಡ್ಡವರು ಟೀ ಕುಡಿಯಲು ಹೋದಾಗ ಸಿಂಚನಳ ಕೈಯಲ್ಲಿ ಒಂದು ಮೊಳ ಹೂವು ಉಳಿದಿತ್ತು. ಇಂಜಿನ್ ಮೇಲಿನ ಸೀಟು ಇನ್ನೂ ಎತ್ತಿಯೇ ಇತ್ತು. ಎಲ್ಲದಕ್ಕೂ ಹೂವಿಟ್ಟು, ಅಷ್ಟು ಕಷ್ಟಪಟ್ಟ ಇಂಜಿನ್ನಿಗೇ ಇಲ್ಲವೇ? ಮೇಲಿಟ್ಟರೆ ಬಿದ್ದುಹೋಗುತ್ತದೆ. ಪಕ್ಕದಲ್ಲಿ ಒಂದು ದಪ್ಪ ಪೈಪು ಮೂಗಿನ ಹೊಳ್ಳೆಯ ಹಾಗೆ ಬಾಯಿ ಬಿಟ್ಟುಕೊಂಡಿತ್ತು. ಅದರೊಳಗೆ ಇಟ್ಟಳು. ಸ್ಕೇಲಿನಿಂದ ಚೆನ್ನಾಗಿ ಒಳಕ್ಕೆ ತಳ್ಳಿದಳು ಕೂಡ. ಭಕ್ತಿ ಎಂದರೆ ಭಕ್ತಿ!

ಈಗ ಹೇಳಿದರೆ ಅಪ್ಪ ಬಿಡುತ್ತಾರೆಯೇ? ಹೇಳದಿದ್ದರೆ... ಅಷ್ಟರಲ್ಲಿ ಮಂಟಯ್ಯ ಸ್ಪ್ಯಾನರ್ ಹಿಡಿದು ಬಗ್ಗಿದರು. ಮೊದಲ ಬೋಲ್ಟಿಗೆ ಸಿಕ್ಕಿಸಲು ಹೋದರೆ ಸ್ಪ್ಯಾನರ್ ಎರಡು ಸಲ ಜಾರಿತು.

"ತಾತಾ, ಬಿಚ್ಚಬೇಡಿ!" ಸಿಂಚನ ಕಿರುಚಿದಳು. ಆಮೇಲೆ ಅವಳ ದನಿ ಇರುವೆಯಷ್ಟಾಯಿತು. "ಆ ಪೈಪಲ್ಲಿ... ಪೂಜೆ ದಿನ... ನಾನು ಹೂ ಇಟ್ಟೆ."

ಮಂಟಯ್ಯ ಇಂಜಿನ್ನಿಗೆ ಗಾಳಿ ಎಳೆಯುವ ಆ ಪೈಪನ್ನು ಬಿಚ್ಚಿ, ತಂತಿ ಕೊಕ್ಕೆ ಹಾಕಿ ಎಳೆದರು. ಬಂತು ನೋಡಿ! ಬಾಡಿ, ಮುದ್ದೆಯಾಗಿ, ಸತ್ತ ಇಲಿಯ ಹಾಗೆ ಒಂದು ಮೊಳ ಚೆಂಡು ಹೂವು.

"ಏನೇ ಇದು, ಬುದ್ಧಿ ಇಲ್ವಾ ನಿಂಗೆ!" ಅಪ್ಪ ಕೈ ಎತ್ತಿದರು.

"ಏ ಗೋವಿಂದರಾಜು, ಸುಮ್ಕಿರು!" ಮಂಟಯ್ಯ ನಡುವೆ ಬಂದರು. "ಮಗ ಹೂ ಮಡುಗ್ತು. ನಾನು ನೋಡ್ಬೇಕಿತ್ತು ತಾನೆ? ಹೊಸ ಫಿಲ್ಟರ್ ನಾನೇ ಹಾಕಿವ್ನಿ ಅಂತ ಆ ಕಡೆ ಕೈಯೇ ಇಕ್ಲಿಲ್ಲ." ಪೈಪು ಕೂಡಿಸಿ ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಅಂಬಾರಿ ಆನೆಯ ಹಾಗೆ ಘೀಳಿಟ್ಟಿತು. ಮಂಟಯ್ಯ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಇನ್ನೊಮ್ಮೆ ಕೈ ನೋಡಿಕೊಂಡು, ಲುಂಗಿಗೆ ಒರೆಸಿಕೊಂಡು, ಟೀ ತರಿಸಿದರು.

ಸೋಮವಾರ ವ್ಯಾನ್ ಏರು ಹತ್ತಿದ್ದನ್ನು ನೀವು ನೋಡಬೇಕಿತ್ತು. ಸೌತೆಕಾಯಿ ಗಾಡಿ ಹಿಂದೆ, ಹಸು ಹಿಂದೆ. ಬಸವನಹುಳು ನಾಚಿಕೆಯಿಂದ ಚಿಪ್ಪಿನೊಳಗೆ ಹೋಯಿತು.

"ಅಂಕಲ್, ಸೂಪರ್!" ಎಂದ ಸಮರ್ಥ. "ಆ ಮೆಕ್ಯಾನಿಕ್ ತಾತಂಗೆ ಕೆಲಸ ಬರಲ್ವಂತೆ, ಅಮ್ಮ ಹೇಳಿದ್ರು. ಈಗ ಬೇರೆಯವರು ರಿಪೇರಿ ಮಾಡಿದ್ರಾ?"

ಅಪ್ಪ ಕನ್ನಡಿಯನ್ನು ಸರಿಮಾಡಿಕೊಂಡರು. ಸಿಂಚನಳೂ ಕಿಟಕಿಯಾಚೆ ನೋಡಬಹುದಿತ್ತು.

"ಇಲ್ಲ ಕಣೋ," ಅವಳು ಹಿಂದಕ್ಕೆ ತಿರುಗಿದಳು. "ತಾತ ಮಾಡಿದ್ದು ಸರಿಯಾಗೇ ಇತ್ತು. ನಾನೇ ಇಂಜಿನ್ ಮೂಗಿಗೆ ಚೆಂಡು ಹೂ ತುರುಕಿದ್ದೆ. ನಿಮ್ಮಮ್ಮಂಗೂ ಹೇಳು."

ವ್ಯಾನಿನ ತಗಡು ಹಾರಿಹೋಗುವಷ್ಟು ಎಲ್ಲರೂ ನಕ್ಕರು. "ಚೆಂಡು ಹೂ ಸಿಂಚನಾ! ಚೆಂಡು ಹೂ ಸಿಂಚನಾ!" ಆ ಹೆಸರು ಸ್ಕೂಲ್ ಗೇಟಿನವರೆಗೂ ಬಂತು.

ಸಿಂಚನ ಮುಂದಕ್ಕೆ ತಿರುಗಿ ಕುಳಿತಳು. ಅಂಗೈಯನ್ನು ಸೀಟಿನ ಮೇಲೆ ಊರಿದಳು. ಕೆಳಗೆ ಮಂಟಯ್ಯ ತಾತ ಹನ್ನೊಂದು ದಿನ ಕಟ್ಟಿದ ಇಂಜಿನ್ ಒಂದೇ ಸಮನೆ ಉಸಿರಾಡುತ್ತಿತ್ತು.