ಸಹಿಯಿಲ್ಲದ ನಾಲ್ಕು ಚಿತ್ರಗಳು

“ಚಿತ್ರ ತೋರಿಸಿ ಅಳಿಯಂದ್ರೇ, ನಾನು ಬೇಡ ಅನ್ನಲ್ಲ. ಊರೆಲ್ಲ ಬಂದು ನೋಡಲಿ. ಆದ್ರೆ ಅದರ ಮೇಲೆ ಅವಳ ಹೆಸರು ಮಾತ್ರ ಬರೀಬೇಡಿ.”

ಅತ್ತೆ ಇದನ್ನು ಹೇಳಿದ್ದು ಹೊಸ್ತಿಲಾಚೆ ನಿಂತು. ಒಳಗೆ ಕಾಲಿಡಲಿಲ್ಲ. ಒಳಗೆ ಅಳಿಯ ಹಳೇ ಬೆಡ್‌ಶೀಟು ಬಿಚ್ಚಿ ನಾಲ್ಕು ಚಿತ್ರಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸುತ್ತಿದ್ದ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವಳ ಹುಟ್ಟೂರಿಗೆ ಬಂದು ಅತ್ತೆಯ ಮನೆಯ ಮಹಡಿ ಕೋಣೆಯಲ್ಲಿ ಅವನು ಬಿಡಾರ ಹೂಡಿ ಒಂದು ವಾರ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ಈ ಊರಿಗೆ ಬರಲಿಲ್ಲ. ಕೇಳಿದರೆ ಮಾತು ತೇಲಿಸಿಬಿಡುತ್ತಿದ್ದಳು. ಒಂದು ಚಿತ್ರವನ್ನೂ ಯಾರಿಗೂ ತೋರಿಸಲಿಲ್ಲ. ಅವಳ ಕೈಕೆಲಸವನ್ನು ಅವಳ ಊರಿನವರು ಒಮ್ಮೆಯಾದರೂ ನೋಡಬೇಕು, ಅವಳ ಹೆಸರು ಹಿಡಿದು ಮಾತಾಡಬೇಕು. ಅವನಿಗೆ ಉಳಿದಿದ್ದ ಹಟ ಅದೊಂದೇ.

“ಬರೆದ್ರೆ ಏನಾಗುತ್ತಂತೆ?”

“ಅವಳ ಹೆಸರಿಗೆ ಮಾಟ ಆಗಿದೆ.” ಅತ್ತೆ ದನಿ ತಗ್ಗಿಸಿದರು. “ಡ್ರಾಯಿಂಗ್ ಮೇಷ್ಟ್ರು ಮಾಡಿದ್ದು. ಅವಳಿಗೆ ಆಗ ಹದಿನೇಳು. ಪ್ರದರ್ಶನದಲ್ಲಿ ಶಿಷ್ಯೆ ಚಿತ್ರ ನಡುಗೋಡೆಗೆ ಹಾಕಿದ್ರು, ಮೇಷ್ಟ್ರದ್ದು ಬಾಗಿಲ ಸಂದಿಗೆ. ಆ ಮನುಷ್ಯ ಸಹಿಸ್ಲಿಲ್ಲ. ಇವಳ ಹೆಸರು ಬರೆದ ಚೀಟಿಗೆ ಇವಳದ್ದೇ ಕೂದಲು ಸುತ್ತಿ, ಸೂಜಿ ಚುಚ್ಚಿ, ಕಪ್ಪು ಬಣ್ಣದ ಡಬ್ಬಿಯೊಳಗೆ ಮುಳುಗಿಸಿದ. ಅವಳ ಹೆಸರು ಯಾವ ಚಿತ್ರದ ಮೇಲೆ ಬೀಳುತ್ತೋ ಅವಳದ್ದೊಂದು ಚೂರು ಅದರೊಳಗೆ ಸಿಕ್ಕಿಬೀಳುತ್ತೆ. ಬದುಕಿದ್ರೂ ಅಷ್ಟೇ, ಸತ್ತಿದ್ರೂ ಅಷ್ಟೇ.”

ಅವನು ನಕ್ಕುಬಿಟ್ಟ. ಕಟ್ಟಡಗಳ ನಕ್ಷೆ ಬರೆದೇ ಬದುಕಿದವನು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದು ನಂಬಿದವನು.

“ಸತ್ತವಳನ್ನೂ ಬಿಡಲ್ವಾ? ಭಾರಿ ಶ್ರದ್ಧೆ ಅತ್ತೆ ನಿಮ್ಮ ಮೇಷ್ಟ್ರದ್ದು.”

“ನಗಬೇಡಿ. ಇನ್ನೂ ಹೇಳೋದಿದೆ.”

“ಆಮೇಲೆ ಹೇಳುವಿರಂತೆ” ಎಂದು ಅವನು ಚೌಕಟ್ಟಿನ ಧೂಳು ಒರೆಸತೊಡಗಿದ. ಆಮೇಲೆ ಅವನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಅಲ್ಲಿಂದ ಶುರುವಾಯಿತು ಅಲೆದಾಟ. ಊರಿನ ಕಲಾವಿದರ ಚಿತ್ರಗಳನ್ನು ನಾಲ್ಕು ಕಡೆ, ಅಂದರೆ ಅಂಚೆ ಕಚೇರಿ, ಗ್ರಂಥಾಲಯ, ಹಲ್ಲಿನ ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ, ಒಂದು ತಿಂಗಳು ತೂಗುಹಾಕುವ ಏರ್ಪಾಡೊಂದಿತ್ತು. ಅದರ ಕಾರ್ಯದರ್ಶಿ ಗ್ರಂಥಾಲಯದಲ್ಲೇ ಕೂರುತ್ತಿದ್ದ. ಊರವರು ಆತನನ್ನು ಕರೆಯುತ್ತಿದ್ದುದು ರೂಲುಕಡ್ಡಿ ಎಂದು, ಅದೂ ಬೆನ್ನ ಹಿಂದೆ. ಮೊದಲ ಸಲ ಹೋದಾಗ ಆತ ಊಟಕ್ಕೆ ಹೋಗಿದ್ದ. ಎರಡನೇ ಸಲ ಅರ್ಜಿಯ ನಮೂನೆ ಬದಲಾಗಿತ್ತು. ಮೂರನೇ ಸಲ ಚಿತ್ರಗಳ ಫೋಟೋ ಸಾಲದು, ಚಿತ್ರಗಳೇ ಬೇಕು ಎಂದ. ನಾಲ್ಕನ್ನೂ ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ಹೋದರೆ, ರೂಲುಕಡ್ಡಿ ಕನ್ನಡಕ ಏರಿಸಿ ಒಂದೊಂದರ ಮೂಲೆಯನ್ನೂ ನೋಡಿದ. ಚಿತ್ರವನ್ನಲ್ಲ, ಬರೀ ಮೂಲೆಯನ್ನು.

“ಸಹಿ ಎಲ್ಲಿ?”

“ಆಕೆ ಸಹಿ ಹಾಕ್ತಿರಲಿಲ್ಲ.”

“ಸಹಿ ಇಲ್ಲದ್ದು ತೊಗೊಳ್ಳಲ್ಲ. ಹಾಕಿಸಿಕೊಂಡು ಬನ್ನಿ.”

“ಸ್ವಾಮಿ, ಆಕೆ ತೀರಿಕೊಂಡಿದ್ದಾಳೆ. ಅರ್ಜಿಯಲ್ಲೇ ಬರೆದಿದೀನಿ.”

“ಹಾಗಾದ್ರೆ ಇರುವಾಗ್ಲೇ ಹಾಕಿಸ್ಬೇಕಿತ್ತು.”

ಅವನ ಮೈ ಉರಿದುಹೋಯಿತು. ಕೆಳಗೊಂದು ಚೀಟಿ ಅಂಟಿಸುತ್ತೇನೆ ಎಂದ, ಆಗದು. ಬೆನ್ನಿಗೆ ಬರೆಯುತ್ತೇನೆ ಎಂದ, ಅದೂ ಆಗದು. ಸಹಿ ಚಿತ್ರದ ಮುಖದ ಮೇಲೆಯೇ ಬೇಕು. ಬೇರೆ ಊರಿನಲ್ಲಾಗಿದ್ದರೆ ಥೂ ಎಂದು ಎದ್ದು ಬರುತ್ತಿದ್ದ. ಆದರೆ ಅವಳ ಊರು ಇದೊಂದೇ. ನಾಲ್ಕನ್ನೂ ಮತ್ತೆ ಹೊತ್ತು ಮೂರು ಬೀದಿ ನಡೆದು ಬರುವಷ್ಟರಲ್ಲಿ ಅವನು ತೀರ್ಮಾನಿಸಿಯಾಗಿತ್ತು.

ಮಟಮಟ ಮಧ್ಯಾಹ್ನ. ಕಿಟಕಿ ತೆರೆದಿತ್ತು. ಅವಳ ಬ್ಯಾಂಕಿನ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಸಣ್ಣ ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಅವಳ ಸಹಿಯನ್ನು ಇದ್ದ ಹಾಗೇ ಇಳಿಸಿದ. ಇಪ್ಪತ್ತೈದು ವರ್ಷ ಗೆರೆ ಎಳೆದ ಕೈ, ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಮೊದಲು ಮೆಟ್ಟಿಲ ಚಿತ್ರ. ಆಮೇಲೆ ಅಡುಗೆಮನೆಯ ಕಿಟಕಿ. ಆಮೇಲೆ, ಗಾಜು ಬಿಚ್ಚಿ, ಬಟ್ಟೆ ಒಣಹಾಕಿದ ಹಗ್ಗ; ನಾಲ್ಕರಲ್ಲಿ ಗಾಜಿದ್ದದ್ದು ಅದೊಂದಕ್ಕೇ. ಕೊನೆಗೆ ಬಾಗಿಲ ಹಿಂದೆ ನೇತುಹಾಕಿದ ಅವನದೇ ಕೋಟು. ಕೋಟಿನ ಚಿತ್ರಕ್ಕೆ ಸಹಿ ಮುಗಿದಾಗ ಯಾರೋ ಹಲ್ಲು ಕಚ್ಚಿ ಉಸಿರೆಳೆದುಕೊಂಡಂತಾಯಿತು. ತಿರುಗಿ ನೋಡಿದ. ಕೋಣೆಯ ತುಂಬ ಅಗಸೆ ಎಣ್ಣೆಯ ವಾಸನೆ, ಅವಳು ಬಣ್ಣ ಕಲಸುವಾಗ ಮನೆಯಿಡೀ ಹಬ್ಬುತ್ತಿದ್ದ ಅದೇ ವಾಸನೆ. ಅವಳು ಹೋದ ಮೇಲೆ ಅವನು ಆ ಎಣ್ಣೆಯ ಬಾಟಲಿಯನ್ನು ಎಸೆದಿದ್ದ. “ಮೂಗಿಗೂ ನೆನಪಿರುತ್ತೆ” ಎಂದು ತನಗೇ ಹೇಳಿಕೊಂಡ.

“ಮೊನ್ನೆ ಸಹಿ ಇರಲಿಲ್ಲವಲ್ಲ?” ಎಂದ ರೂಲುಕಡ್ಡಿ.

“ಚೌಕಟ್ಟಿನಡಿ ಮುಚ್ಚಿಹೋಗಿತ್ತು.”

ರೂಲುಕಡ್ಡಿ ಮೊಹರು ಒತ್ತಿದ. ಮರುದಿನವೇ ನಾಲ್ಕು ಚಿತ್ರಗಳು ನಾಲ್ಕು ಗೋಡೆಗೇರಿದವು. ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಮೆಟ್ಟಿಲ ಚಿತ್ರದ ಮೂಲೆಯನ್ನು ಓದಿ, “ಅಯ್ಯೋ, ಇವಳು ನಮ್ಮ ಕ್ಲಾಸಿನವಳಲ್ವೇನೆ! ಎಷ್ಟು ಚೆನ್ನಾಗಿ ಬರೆದಿದಾಳೆ ನೋಡು” ಎಂದು ಅವಳ ಹೆಸರನ್ನು ಎರಡೆರಡು ಸಲ ಹೇಳಿದರು. ಹಿಂದೆ ನಿಂತಿದ್ದ ಅವನಿಗೆ ಕಣ್ಣು ತುಂಬಿ ಬಂತು. ಅಷ್ಟು ದಿನ ಅಲೆದದ್ದೆಲ್ಲ ಸಾರ್ಥಕ ಅನ್ನಿಸಿತು.

ಆ ಸುಖ ಬಾಳಿದ್ದು ಮೂರು ದಿನ. ನಾಲ್ಕನೆಯ ದಿನ ಅಂಚೆ ಕಚೇರಿಯ ಗುಮಾಸ್ತೆ ಚಿತ್ರದ ಮೇಲೆ ಟವೆಲು ಹೊದಿಸಿದ್ದಳು. “ಮೆಟ್ಟಿಲ ಕತ್ತಲಲ್ಲಿ ಒಂದು ಕಣ್ಣಿದೆ ಸಾರ್. ನಾನು ಎಲ್ಲಿ ಹೋದ್ರೆ ಅಲ್ಲಿಗೆ ತಿರುಗುತ್ತೆ.” ಹಲ್ಲಿನ ಆಸ್ಪತ್ರೆಯ ನರ್ಸು, ಗಾಜಿಗೆ ಒಳಗಿನಿಂದ ಬೆರಳಿನ ಗುರುತು ಮೂಡುತ್ತಿದೆ, ಎಷ್ಟು ಒರೆಸಿದರೂ ಹೋಗುತ್ತಿಲ್ಲ ಎಂದಳು. ಅವನಿಗೆ ರೇಗಿತು. ಒಂದು ಒಳ್ಳೆಯ ಚಿತ್ರವನ್ನು ನೆಮ್ಮದಿಯಾಗಿ ನೋಡಲು ಬಾರದ ಜನ! ಗಾಜಿನೊಳಗೆ ತೇವ ಸೇರಿರಬೇಕು ಎಂದು ರೇಗಾಡಿ ಗ್ರಂಥಾಲಯಕ್ಕೆ ಬಂದರೆ, ಓದುವವರೆಲ್ಲ ಕುರ್ಚಿಗಳನ್ನು ಎದುರು ಗೋಡೆಗೆ ಎಳೆದುಕೊಂಡು ಕೂತಿದ್ದರು. ರೂಲುಕಡ್ಡಿ ನೆಲಮಾಳಿಗೆಯ ಕಡೆ ಕೈತೋರಿಸಿದ. ಚಿತ್ರವನ್ನು ಅಲ್ಲಿಗೆ ಸಾಗಿಸಿಯಾಗಿತ್ತು.

“ಕೆಮ್ಮುತ್ತೆ ಕಣ್ರೀ ಅದು” ಎಂದನಷ್ಟೆ.

ನೆಲಮಾಳಿಗೆಗೆ ಕಿಟಕಿಯಿರಲಿಲ್ಲ. ಹಳೇ ಪತ್ರಿಕೆಗಳ ಕಂತೆ, ಒದ್ದೆ ರಟ್ಟಿನ ವಾಸನೆ, ಒಂದೇ ಒಂದು ದೀಪ. ಅವನು ಕೊನೆಯ ಮೆಟ್ಟಿಲಿಳಿದಾಗ ಕರೆಂಟು ಹೋಯಿತು. ಕತ್ತಲಲ್ಲಿ ರಟ್ಟಿನ ವಾಸನೆಯನ್ನು ಮೀರಿ ಅಗಸೆ ಎಣ್ಣೆ ಘಮ್ಮೆಂದಿತು. ಆಮೇಲೆ ಕೆಮ್ಮು. ಎರಡು ಸಣ್ಣದು, ಒಂದು ಉದ್ದದ್ದು, ಕೊನೆಯಲ್ಲಿ ಎದೆಯೊಳಗೊಂದು ಸಿಳ್ಳು. ಕೊನೆಯ ಐದು ತಿಂಗಳು ಅವನು ಪಕ್ಕದಲ್ಲಿ ಎದ್ದು ಕೂತು, ಬೆನ್ನು ನೀವುತ್ತ ಕೇಳಿದ ಕೆಮ್ಮು. ಅದನ್ನು ಗುರುತಿಸಲು ಅವನಿಗೆ ಯಾವ ಅಳತೆಪಟ್ಟಿಯೂ ಬೇಕಿರಲಿಲ್ಲ. ಬರಿಗೈಯಲ್ಲೇ ಹೊರಗೋಡಿ ಬಂದ.

ಬಸ್ ನಿಲ್ದಾಣದ ಕಾಯುವ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊರಗೆ ಬಿಸಿಲಿತ್ತು, ಒಳಗೆ ಕೋಟಿನ ಚಿತ್ರದ ಸುತ್ತ ಮಾತ್ರ ಮಸಿ ಬಳಿದ ಹಾಗೆ ಮಬ್ಬು. ಅವನು ಹತ್ತಿರ ಹೋದ. ಕೋಟಿನ ಮಡಿಕೆಯೊಳಗಿಂದ ದನಿ ಬಂತು.

“ರೀ... ನೋಯ್ತಿದೆ ರೀ.”

ಅವಳದೇ ದನಿ. ಅವನು ಜೇಬಿನ ಚಾಕು ತೆಗೆದು ಸಹಿಯನ್ನು ಕೆರೆದ. ಒಳಗಿನಿಂದ ಅವಳು ಕಿರುಚಿದಳು. ಕೆರೆದಲ್ಲಿ ಕಪ್ಪು ಒಸರಿ, ಅಕ್ಷರಗಳು ಮತ್ತೆ ಮೂಡಿದವು, ಮೊದಲಿಗಿಂತ ದಪ್ಪಗೆ.

ಅತ್ತೆ ಬಾಗಿಲು ತೆರೆದು ಅವನ ಮುಖ ನೋಡಿದರು.

“ಎಷ್ಟರ ಮೇಲೆ ಬರೆದ್ರಿ?”

“ನಾಲ್ಕೂ.”

ಅತ್ತೆ ಗೋಡೆ ಹಿಡಿದು ಕೂತರು. “ನನ್ನ ಮಗಳನ್ನ ನಾಲ್ಕು ಕಡೆ ಹರಿದು ಹಾಕಿದ್ರಲ್ಲ ಅಳಿಯಂದ್ರೇ!”

“ಸುಟ್ಟುಬಿಡ್ತೀನಿ ಅತ್ತೆ. ನಾಲ್ಕನ್ನೂ ಸುಡ್ತೀನಿ.”

“ಒಳಗಿರೋ ಅವಳೂ ಸುಡ್ತಾಳೆ.”

“ಮತ್ತೇನು ಮಾಡ್ಲಿ? ಅವತ್ತೇ ಎಲ್ಲಾ ಹೇಳ್ಬಾರ್ದಿತ್ತಾ?”

“ಕೇಳೋ ತಾಳ್ಮೆ ನಿಮಗೆಲ್ಲಿತ್ತು?” ಅತ್ತೆ ಸೆರಗಿನೊಳಗಿಂದ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಪಾರ್ಶ್ವವಾಯು ಹೊಡೆದ ಕೈ ಎಂದೇ ಅವನು ತಿಳಿದಿದ್ದ. “ಮಾಟ ಆದ್ಮೇಲೆ ಬರೆದ ಮೊದಲನೇ ಚಿತ್ರಕ್ಕೆ ಅವಳು ಸಹಿ ಹಾಕಿದ್ಲು. ಅವಳ ಕೈ ಕಟ್ಟಿಗೆ ಆಯ್ತು. ಅವಳ ಹೆಸರು ಮುಚ್ಚೋ ಹಾಗೆ ಮೇಲೆ ನನ್ನ ಹೆಸರು ಬರೆದೆ. ಅವಳ ಕೈ ಅವಳಿಗೆ ಬಂತು, ನನ್ನದು ಹೋಯ್ತು. ಇರೋದು ಅದೊಂದೇ ದಾರಿ. ಒಂದ್ಸಲ ಅವಳನ್ನ ಬಿಡಿಸ್ಕೊಂಡ ಮೇಲೆ ಅವಳ ಹೆಸರು ಮತ್ತೆ ಯಾವತ್ತೂ ಆ ಚಿತ್ರದ ಮೇಲೆ ಬರಬಾರ್ದು. ಬಂದ್ರೆ ಆಮೇಲೆ ಬಿಡಿಸೋಕೆ ಯಾರಿಂದಲೂ ಆಗಲ್ಲ.” ಅತ್ತೆ ಏಳಲು ಹೊರಟರು. “ಕುಂಚ ಕೊಡಿ. ನಾನೇ ಬರೀತೀನಿ.”

“ನಾನು ಬರೆದದ್ದು. ನಾನೇ ಮುಚ್ತೀನಿ” ಎಂದು ಅವನು ಕುಂಚವನ್ನೂ ಕಪ್ಪು ಬಣ್ಣವನ್ನೂ ಜೇಬಿಗೆ ತುರುಕಿಕೊಂಡು ಓಡಿದ.

ಗಂಟೆ ನಾಲ್ಕೂವರೆ. ಅಂಚೆ ಕಚೇರಿ ಮುಚ್ಚುವುದು ಐದಕ್ಕೆ. ಟವೆಲು ಕಿತ್ತೆಸೆದ. ಮೆಟ್ಟಿಲ ಕತ್ತಲಲ್ಲಿ ಅವಳ ಕಣ್ಣು. ನೋಡುತ್ತಿತ್ತು. ಒದ್ದೆಯಾಗಿತ್ತು. ಅವಳ ಹೆಸರಿನ ಮೇಲೆ ತನ್ನ ಹೆಸರೆಳೆದ. ಕೊನೆಯ ಅಕ್ಷರ ಮುಗಿಯಿತು. ಅವನ ಎಡಗಣ್ಣು ಆರಿತು. ನೋವಿಲ್ಲ, ಬರೀ ಕತ್ತಲು. “ಸಾರ್, ಏನ್ಮಾಡ್ತಿದೀರಿ!” ಗುಮಾಸ್ತೆ ಕೂಗುತ್ತಿದ್ದಳು. ನಿಲ್ಲಲಿಲ್ಲ.

ಗ್ರಂಥಾಲಯ. ನೆಲಮಾಳಿಗೆ. ಈಗ ದೀಪವಿತ್ತು. ಕಿಟಕಿಯ ಚಿತ್ರ ಕೆಮ್ಮುತ್ತಲೇ ಇತ್ತು. ಬರೆದ. ಕೆಮ್ಮು ನಿಂತಿತು. ಅವನ ಎದೆ ಬಿಗಿಯಿತು. ಉಸಿರು ಅರ್ಧಕ್ಕೇ ಸಿಕ್ಕಿಕೊಂಡಿತು. ಎರಡು ಸಣ್ಣ ಕೆಮ್ಮು, ಒಂದು ಉದ್ದದ್ದು. ಈಗ ಅದು ಅವನ ಗಂಟಲಲ್ಲಿ. ಮೆಟ್ಟಿಲುಗಳನ್ನು ಕೈಯೂರಿ ಹತ್ತಿದ.

ಹಲ್ಲಿನ ಆಸ್ಪತ್ರೆ. ಲವಂಗದ ವಾಸನೆ, ಅದರೊಳಗೆ ಅಗಸೆ ಎಣ್ಣೆ. ಬಟ್ಟೆ ಹಗ್ಗದ ಹಿಂದಿನಿಂದ ಐದು ಬೆರಳು ಗಾಜನ್ನು ಒತ್ತುತ್ತಿದ್ದವು. ಚೌಕಟ್ಟು ಬಿಚ್ಚಲು ಪುರುಸೊತ್ತಿರಲಿಲ್ಲ. ಮೊಣಕೈಯಿಂದ ಗಾಜು ಒಡೆದ. ನರ್ಸು ಕಿರುಚಿದಳು. ಬರೆದ. ಬಲಗೈಯಿಂದ ಕುಂಚ ತಾನಾಗಿ ಜಾರಿ ಬಿತ್ತು. ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡ. ಬಲಗೈ ಮರದ ತುಂಡಾಗಿ ತೂಗಾಡುತ್ತಿತ್ತು. ಇನ್ನೊಂದು. ಇನ್ನೊಂದೇ ಒಂದು.

ಬಸ್ ನಿಲ್ದಾಣ. ಹೊತ್ತು ಇಳಿಯುತ್ತಿತ್ತು. ಕಾಯುವ ಕೋಣೆಯ ಮಬ್ಬು ಬಾಗಿಲವರೆಗೂ ಬಂದಿತ್ತು. ಒಳಹೊಕ್ಕರೆ ತನ್ನ ಕೈ ತನಗೆ ಕಾಣದು. ಗೋಡೆ ತಡವಿದ. ಚೌಕಟ್ಟು ಸಿಕ್ಕಿತು. ಬಿಸಿಯಾಗಿತ್ತು.

“ರೀ... ಬೇಡ. ಹೋಗ್ಬಿಡಿ.”

“ಸುಮ್ನಿರು” ಎಂದ. ಅಳುತ್ತಿದ್ದ. “ನಿನ್ನ ಚಿತ್ರ ಊರೆಲ್ಲ ನೋಡಿದ್ರು ಕಣೇ. ಎಷ್ಟು ಚೆನ್ನಾಗಿದೆ ಅಂದ್ರು.”

ಅವನು ಬಾಯಿಬಿಟ್ಟು ಆಡಿದ ಕೊನೆಯ ಮಾತು ಅದು. ಎಡಗೈಯಲ್ಲಿ ಅಕ್ಷರಗಳು ಸೊಟ್ಟಪಟ್ಟಗೆ ಬಂದವು. ಆದರೂ ಅವಳ ಹೆಸರು ಪೂರ್ತಿ ಮುಚ್ಚಿತು. ಎಣ್ಣೆಯ ವಾಸನೆ ಸರ್ರನೆ ಹೊರಗೆ ಹೋದಂತಾಗಿ ಮಬ್ಬು ಕರಗಿತು. ಗೋಡೆಯ ಮೇಲೆ ಬರೀ ಒಂದು ಕೋಟಿನ ಚಿತ್ರವಿತ್ತು, ಬಹಳ ಚೆನ್ನಾದ ಚಿತ್ರ. ಅವಳನ್ನು ಕೂಗಲು ಬಾಯಿ ತೆರೆದ. ಗಾಳಿ ಮಾತ್ರ ಬಂತು.

ಹತ್ತು ದಿನದ ಮೇಲೆ ರೂಲುಕಡ್ಡಿ ಅರ್ಜಿ ಹಿಡಿದುಕೊಂಡು ಮಹಡಿ ಕೋಣೆಗೇ ಬಂದ. ಲಕ್ವ ಹೊಡೆದವನ ಎದುರು ಎಂದೋ ಏನೋ, ದನಿ ಮೆತ್ತಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಅವತ್ತು ನಾನು ಸ್ವಲ್ಪ ಒರಟಾಗಿ ನಡ್ಕೊಂಡೆ, ಬೇಜಾರು ಮಾಡ್ಕೋಬೇಡಿ. ಚಿತ್ರ ನೋಡೋಕೆ ಜನ ಮುಗಿಬೀಳ್ತಿದಾರೆ. ಆದ್ರೆ ಚಿತ್ರದ ಮೇಲೆ ನಿಮ್ಮ ಹೆಸರು, ಅರ್ಜಿಯಲ್ಲಿ ನಿಮ್ಮ ಹೆಂಡತಿ ಹೆಸರು. ದುಃಖದಲ್ಲಿ ಏನೋ ಮಾಡಿದೀರಿ, ಅರ್ಥವಾಗುತ್ತೆ. ಇಷ್ಟು ಚೆನ್ನಾಗಿ ಬರೆದೋರ ಹೆಸರು ಹಾಳಾಗಬಾರ್ದು. ನಮ್ಮಲ್ಲೊಬ್ಬ ಪೇಂಟರ್ ಇದಾನೆ. ನೀವು ಹ್ಞೂಂ ಅಂದ್ರೆ ಸಾಕು, ನಾಲ್ಕರ ಮೇಲೂ ಆಕೆಯ ಹೆಸರು ತಿದ್ದಿ ಬರೆಸಿಬಿಡ್ತೀನಿ.”

ಅವನು ಬೆಚ್ಚಿ ಎದ್ದು, ಎಡಗೈ ಚಾಚಿ ಅರ್ಜಿಯನ್ನು ಕಿತ್ತುಕೊಂಡ. ಚಿತ್ರಕಾರರ ಹೆಸರು ಎಂಬಲ್ಲಿ ಅವಳ ಹೆಸರಿತ್ತು. ಅದನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದ. ಪಕ್ಕದಲ್ಲಿ ತನ್ನದನ್ನು ಬರೆದ.

ರೂಲುಕಡ್ಡಿ ಕನ್ನಡಕ ತೆಗೆದು, ಅವನನ್ನು ಮೇಲಿಂದ ಕೆಳಗೆ ನೋಡಿದ. ದನಿಯ ಮೆದುತನವೆಲ್ಲ ಹೋಗಿತ್ತು.

“ಸತ್ತವಳ ಹೆಸರು ಹೇಳಿ ಕನಿಕರ ಗಿಟ್ಟಿಸೋಕೆ ನೋಡಿದ್ರಾ? ಹಾಗಾದ್ರೆ ಆಕೆ ಚಿತ್ರ ಬರೀತಾನೇ ಇರಲಿಲ್ವಾ?”

ಅವನು ಒಮ್ಮೆ ಅತ್ತೆಯ ಕಡೆ ನೋಡಿದ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅವನು ಇಲ್ಲವೆಂದು ತಲೆಯಾಡಿಸಿದ.