ಎದುರು ಕಡೆಯ ಮಾತು

"ನಾಚಿಕೆ ಆಗಲ್ವಾ ನಿಮಗೆ?"

ಬಾಗಿಲಲ್ಲಿ ನಿಂತು ಜಯದೇವಿ ಕೇಳಿದ ಈ ಪ್ರಶ್ನೆಗೆ ಗ್ಯಾರೇಜಿನಲ್ಲಿ ಕೂತಿದ್ದ ಹದಿನೈದು ಜನವೂ ತಿರುಗಿ ನೋಡಿದರು. ಮಾತಾಡುತ್ತಾ ನಿಂತಿದ್ದವನು ಸುಮ್ಮನಾಗಿ ಅವಳನ್ನೇ ನೋಡಿದ.

ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಪದ್ಮನಾಭ ಅವರ ಮನೆಗೆ ಗ್ಯಾರೇಜು ಇತ್ತು, ಕಾರು ಇರಲಿಲ್ಲ. ಅಲ್ಲಿ ಪ್ರತಿ ಭಾನುವಾರ ಸಂಜೆ ಓದುಗರ ಕೂಟ. ಹಗಲು ದುಡಿದು ಸಂಜೆ ಕಾಲೇಜಿಗೆ ಹೋಗುವ ಗುಮಾಸ್ತರು, ಫಿಟ್ಟರುಗಳು, ಒಬ್ಬಿಬ್ಬರು ನರ್ಸುಗಳು ಬಂದು ಚಾಪೆಯ ಮೇಲೆ ಕೂತು ದೇಶದ ಹಣೆಬರಹ ತಿದ್ದುತ್ತಿದ್ದರು. ದೇಶಕ್ಕೆ ಇದು ಗೊತ್ತಿರಲಿಲ್ಲ.

ಅದು ಎಪ್ಪತ್ತೇಳರ ನವೆಂಬರ್. ತುರ್ತು ಪರಿಸ್ಥಿತಿ ಮುಗಿದು ಎಂಟು ತಿಂಗಳಾಗಿತ್ತು. ಜಯದೇವಿಯನ್ನು ಸಹಪಾಠಿ ಪಂಕಜಾ ಮೊದಲ ಸಲ ಕರೆದುಕೊಂಡು ಬಂದಿದ್ದಳು. ಬಸ್ಸು ತಡವಾಗಿ, ಇಬ್ಬರೂ ಕಾಲಿಡುವ ಹೊತ್ತಿಗೆ ಭಾಷಣ ಅರ್ಧವಾಗಿತ್ತು. ಆ ಇಪ್ಪತ್ತೊಂದು ತಿಂಗಳಲ್ಲಿ ರೈಲುಗಳು ಹೊತ್ತಿಗೆ ಸರಿಯಾಗಿ ಓಡಿದವು, ಗುಮಾಸ್ತರು ಕುರ್ಚಿಯಲ್ಲಿ ಸಿಕ್ಕರು, ಬಡವನಿಗೆ ಬೇಕಾದದ್ದು ಶಿಸ್ತು ಎಂದು ಒಬ್ಬ ಯುವಕ ನಿಧಾನವಾಗಿ, ಒಪ್ಪುವ ಹಾಗೆ ಹೇಳುತ್ತಿದ್ದ.

ಜಯದೇವಿಯ ಮೈ ಉರಿದುಹೋಯಿತು. ಅವಳ ಅಣ್ಣ ಸಿದ್ದಬಸಪ್ಪ ಶಾಲೆಯ ಮೇಷ್ಟರಾಗಿದ್ದವನು, ಕರಪತ್ರ ಹಂಚಿದ ತಪ್ಪಿಗೆ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದು ಕೆಮ್ಮು ಹೊತ್ತುಕೊಂಡು ಬಂದಿದ್ದ.

"ನಮ್ಮಣ್ಣ ಇದ್ದ ಜೈಲಿನಲ್ಲೂ ಊಟದ ಗಂಟೆ ಹೊತ್ತಿಗೆ ಸರಿಯಾಗಿ ಹೊಡೀತಿತ್ತಂತೆ. ಅಷ್ಟು ಇಷ್ಟ ಇದ್ರೆ ನೀವೂ ಒಂದು ವರ್ಷ ಇದ್ದು ಬನ್ನಿ."

ಹಾಗೆಂದವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಬಸ್‌ಸ್ಟಾಪಿನವರೆಗೆ ಓಡಿಬಂದ ಪಂಕಜಾ ಏದುಸಿರು ಬಿಡುತ್ತಾ ವಿಷಯ ಬಿಡಿಸಿ ಹೇಳಿದಳು. ಕೂಟಕ್ಕೆ ಒಂದು ಕಟ್ಟಳೆ ಇದೆ. ಹಿಂದಿನ ಭಾನುವಾರ ಚೀಟಿ ಎತ್ತಿಸಿ ವಿಷಯ ಕೊಡುತ್ತಾರೆ. ತಾನು ಯಾವುದನ್ನು ನಂಬುವುದಿಲ್ಲವೋ ಆ ಕಡೆ ವಹಿಸಿಯೇ ಅರ್ಧ ಗಂಟೆ ಮಾತಾಡಬೇಕು. ಅಣಕಿಸಬಾರದು. ಆ ಅಭಿಪ್ರಾಯ ಇರುವವನು ಕೇಳಿದರೆ ಹೌದೆಂದು ತಲೆದೂಗಬೇಕು. ಆಮೇಲೆ ಉಳಿದವರು ಪ್ರಶ್ನೆ ಕೇಳುತ್ತಾರೆ. ಇವತ್ತು ಮಾತಾಡಿದವನು ಲಕ್ಷ್ಮೀಪತಿ, ಮಾಗಡಿ ರಸ್ತೆಯ ಒಂದು ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುವವನು. ತುರ್ತು ಪರಿಸ್ಥಿತಿಯಲ್ಲಿ ಮುಷ್ಕರಕ್ಕೆ ಕರೆ ಕೊಟ್ಟು ಕೆಲಸ ಕಳೆದುಕೊಂಡು ಎಂಟು ತಿಂಗಳು ಮನೆಯಲ್ಲಿ ಕೂತಿದ್ದವನು.

ಬೇರೆ ಹುಡುಗಿಯಾಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದಳು. ಜಯದೇವಿಗೆ ಅವನ ಮೇಲಿನ ತಾತ್ಸಾರ ದುಪ್ಪಟ್ಟಾಯಿತು. 'ಒದೆ ತಿಂದವನೇ ಒದ್ದವನ ಪರ ವಕೀಲಿಕೆ ಮಾಡ್ತಾನಲ್ಲ... ಥೂ, ಬೆನ್ನುಮೂಳೆ ಇಲ್ಲದವನು' ಅಂದುಕೊಂಡಳು.

ತಾತ್ಸಾರ ಅವಳಿಗೆ ಕೆಲಸದಿಂದ ಬಂದ ಗುಣ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಆರು ವರ್ಷದಿಂದ ಕೂತಿದ್ದಳು. ಪಕ್ಕದ ಕೋಣೆಯಲ್ಲಿರುವ ಮ್ಯಾನೇಜರು ಮದ್ರಾಸಿನಲ್ಲಿದ್ದಾರೆಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ, ಬಿಳಿ ಶರ್ಟಿನ ಗಂಡಸರೆಲ್ಲ ಇಷ್ಟೇ ಎಂಬ ತೀರ್ಮಾನಕ್ಕೆ ಬಂದಿದ್ದಳು. ವಯಸ್ಸು ಇಪ್ಪತ್ತಾರು, ಸಂಜೆ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಹೋದ ವರ್ಷ ರಾಜ್ಯಶಾಸ್ತ್ರದಲ್ಲಿ ಫೇಲು. ಕಾರಣ ಕೇಳಿದ್ದಕ್ಕೆ ಲೆಕ್ಚರರು, ನೀವು ಉತ್ತರ ಬರೆದಿಲ್ಲಮ್ಮ, ಕರಪತ್ರ ಬರೆದಿದ್ದೀರಿ ಅಂದಿದ್ದರು. ಆ ಲೆಕ್ಚರರ ಮೇಲೂ ಅವಳಿಗೆ ತಾತ್ಸಾರವೇ.

ಆದರೂ ಈ ಸಲ ಪಾಸಾಗಲೇಬೇಕಿತ್ತು. ಬೋರ್ಡಿನ ಮುಂದೆ ಹಲೋ ಅನ್ನುತ್ತಲೇ ಮುದುಕಿಯಾಗಬಾರದು, ಅಣ್ಣ ಬಿಟ್ಟುಬಂದ ಮೇಷ್ಟರ ಕೆಲಸ ತಾನು ಹಿಡಿಯಬೇಕು ಎಂಬುದು ಅವಳ ಹಠ. ಪದ್ಮನಾಭ ಮೇಷ್ಟರ ಹತ್ತಿರ ರಾಜ್ಯಶಾಸ್ತ್ರದ ಒಳ್ಳೆಯ ನೋಟ್ಸು ಇತ್ತು. ಹಾಗಾಗಿ ಮೂಗು ಮುರಿಯುತ್ತಲೇ ಮುಂದಿನ ಭಾನುವಾರ ಮತ್ತೆ ಹೋದಳು.

ಹೋಗಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲರನ್ನೂ ಮನಸ್ಸಿನಲ್ಲೇ ಹೀಯಾಳಿಸಿದಳು. ಲಕ್ಷ್ಮೀಪತಿಯನ್ನಂತೂ ಬಿಡಿಬಿಡಿಯಾಗಿ ಹೀಯಾಳಿಸಿದಳು. ಉಗುರಿನ ಸಂದಿಯ ಗ್ರೀಸು, ಕಂಕುಳಲ್ಲಿ ಇನ್ನೊಂದು ಸಂಜೆ ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕ. ವಾರವೆಲ್ಲ ಬೇಯಿಸುವ ಅಮ್ಮನಿಗೆ ರಜೆ ಬೇಡವೇ ಎಂದು ಭಾನುವಾರ ಬೆಳಿಗ್ಗೆ ಮಾರೇನಹಳ್ಳಿಯ ಮನೆಯಲ್ಲಿ ಅವನೇ ಮುದ್ದೆ ತಿರುವುತ್ತಾನಂತೆ. ಎಲ್ಲ ತೋರಿಕೆ ಅಂದುಕೊಂಡಳು.

ಒಂದು ದಿನ ಅವನೇ ಹತ್ತಿರ ಬಂದು ಅಣ್ಣನ ಕೆಮ್ಮು ಹೇಗಿದೆ ಎಂದು ಕೇಳಿದ.

"ನಿಮ್ಮಣ್ಣ ಇಲ್ಲಿ ಕೂತಿದ್ರೆ ಆವತ್ತಿನ ಮಾತು ಆಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ," ಅಂದ.

"ಮತ್ತೆ ಯಾಕೆ ಆಡಿದ್ರಿ?"

"ನನ್ನ ಹೊಟ್ಟೆ ಮೇಲೆ ಹೊಡೆದೋರನ್ನ ಎರಡು ವರ್ಷದಿಂದ ಬೈತಾನೇ ಇದೀನಿ. ನಮ್ಮ ಬೀದಿಯೋರೇ ಅವರಿಗೆ ಓಟು ಹಾಕಿದ್ರು. ಯಾಕೆ ಅಂತ ಒಂದು ಸಲಾನೂ ಯೋಚನೆ ಮಾಡಿರಲಿಲ್ಲ."

ಆ ವಾರವಿಡೀ ಜಯದೇವಿ ಬೋರ್ಡಿನ ಮುಂದೆ ಕೂತು ಲೈನುಗಳನ್ನು ಅದಲುಬದಲು ಮಾಡಿ ಕೊಟ್ಟಳು.

ಜನವರಿಯ ಹೊತ್ತಿಗೆ ಭಾನುವಾರ ಗ್ಯಾರೇಜಿಗೆ ಕಾಲಿಟ್ಟೊಡನೆ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. ಅವನು ಅವಳಿಗೆ ಇಷ್ಟವಾಗಿದ್ದ. ಲೋಕದ ಗಂಡಸರನ್ನೆಲ್ಲ ತೆಗೆದುಹಾಕಿದವಳಿಗೆ ಕೊನೆಗೆ ಸಿಕ್ಕಿದ್ದು ಈ ಲೇತ್‌ನವನೇ ಎಂದು ತನ್ನ ಮೇಲೇ ಸಿಟ್ಟು ಬಂದು, ಅವನೊಡನೆ ಇನ್ನೂ ಒರಟಾಗಿ ಮಾತಾಡತೊಡಗಿದಳು.

ಇಷ್ಟರಲ್ಲಿ ಅಪ್ಪ ಶಂಭುಲಿಂಗಪ್ಪ ಒಂದು ಗಂಡು ತಂದರು. ಸೋಮಲಿಂಗಪ್ಪ, ಬ್ಯಾಂಕಿನಲ್ಲಿ ಆಫೀಸರು, ಬಸವೇಶ್ವರನಗರದಲ್ಲಿ ಸ್ವಂತ ಮನೆ. ಹೆಣ್ಣು ನೋಡಲು ಬಂದವನು ಉಪ್ಪಿಟ್ಟು ತಿನ್ನುವಷ್ಟರಲ್ಲಿ ಎರಡು ಸಲ ತಲೆ ಬಾಚಿಕೊಂಡ. ಹುಡುಗಿ ಕೆಲಸಕ್ಕೆ ಹೋಗಲಿ, ತನ್ನದೇನೂ ಅಭ್ಯಂತರವಿಲ್ಲ, ಕಾಲೇಜು ಮಾತ್ರ ಯಾಕೆ, ತಾನೇ ಓದಿದ್ದೇನಲ್ಲ ಎಂದು ನಕ್ಕ. ಮದುವೆ ಮಾರ್ಚಿನಲ್ಲೇ ಆಗಬೇಕಂತೆ. ಪರೀಕ್ಷೆ ಇದ್ದದ್ದು ಏಪ್ರಿಲ್‌ನಲ್ಲಿ.

ಜಯದೇವಿ ಆಗಲ್ಲ ಅಂದಳು. ಯೋಚನೆ ಮಾಡು ಅಂದರು ಅಪ್ಪ. ಮಾತು ಅಲ್ಲಿಗೇ ನಿಂತಿತ್ತು.

ಅದೇ ವಾರ ಕೂಟದಲ್ಲಿ ಚೀಟಿ ಎತ್ತುವ ಸರದಿ ಅವಳದಾಯಿತು. ಬಂದ ವಿಷಯ: ದುಡಿಯುವ ಹೆಣ್ಣು ಮದುವೆಯಾದ ಮೇಲೆ ಓದು ಬಿಡಬೇಕು.

ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಸೋಮಲಿಂಗಪ್ಪನ ಪರ ನಾನು ಮಾತಾಡಬೇಕೇ? ಆದರೆ ಅಣಕಿಸುವಂತಿಲ್ಲ, ತಲೆದೂಗುವಂತಿರಬೇಕು. ಮೂರು ದಿನ ಒಂದು ಸಾಲೂ ಹೊಳೆಯಲಿಲ್ಲ. ನಾಲ್ಕನೆಯ ದಿನ ಅವಳು ಅಮ್ಮನನ್ನು ನೋಡಿದಳು.

ಮೂರು ವರ್ಷದಿಂದ ಶಾಂತವ್ವ ಬೆಳಿಗ್ಗೆ ಐದಕ್ಕೆದ್ದು ಮಗಳಿಗೆ ರೊಟ್ಟಿ ಬಡಿದು ಡಬ್ಬಿ ಕಟ್ಟುತ್ತಿದ್ದಳು. ಮಗಳ ಸೀರೆ ಒಗೆಯುತ್ತಿದ್ದಳು. ಮಗಳು ಕಾಲೇಜಿನಿಂದ ಬರುವವರೆಗೆ ತಾನೂ ಉಣ್ಣದೆ ಕಾಯುತ್ತಿದ್ದಳು. ಹಕ್ಕು, ಸಮಾನತೆ ಎಂದು ಪುಟಗಟ್ಟಲೆ ಬರೆದ ಜಯದೇವಿ ಒಂದು ದಿನವೂ ತಾನುಂಡ ತಟ್ಟೆ ತೊಳೆದಿರಲಿಲ್ಲ. ಆ ದಿನ ಮೊದಲ ಬಾರಿ ಅವಳ ತಾತ್ಸಾರ ತನ್ನ ಕಡೆಗೇ ತಿರುಗಿತು.

ಭಾನುವಾರ ಅವಳು ಅದನ್ನೇ ಹೇಳಿದಳು. ಒಬ್ಬಳು ಓದಲು ಕೂತರೆ ಇನ್ನೊಬ್ಬಳು ನಿಂತೇ ಇರಬೇಕಾಗುತ್ತದೆ, ಬೇರೆಯವರ ಸೊಂಟದ ಮೇಲೆ ಕೂತು ಪಡೆಯುವ ಪದವಿ ಎಂಥದು ಎಂದು ಅರ್ಧ ಗಂಟೆ ಮಾತಾಡಿದಳು. ನರ್ಸೊಬ್ಬಳು ಕಣ್ಣೊರೆಸಿಕೊಂಡಳು. ಹಿಂದೆ ಕೋಟು ಹಾಕಿಕೊಂಡು ಕೂತಿದ್ದ ಅಪರಿಚಿತ ಹಿರಿಯರೊಬ್ಬರು ಜೋರಾಗಿ ತಲೆದೂಗಿ, ಮಾತು ಮುಗಿದದ್ದೇ ತಡ ಎದ್ದುಹೋದರು.

ಆಮೇಲೆ ಪ್ರಶ್ನೆ ಕೇಳಿದ್ದು ಲಕ್ಷ್ಮೀಪತಿ ಒಬ್ಬನೇ.

"ನಿಂತಿರೋದು ಇನ್ನೊಬ್ಬ ಹೆಂಗಸೇ ಯಾಕಾಗ್ಬೇಕು? ಮನೇಲಿ ಗಂಡಸರಿಗೆ ಕಾಲಿಲ್ವಾ?"

ಕಟ್ಟಳೆಯಂತೆ ಅವಳು ತನ್ನ ಕಡೆ ಬಿಟ್ಟುಕೊಡದೆ ಉತ್ತರಿಸಬೇಕಿತ್ತು. ಅವಳು ಹೋಗಿ ಚಾಪೆಯ ಮೇಲೆ ಕೂತುಬಿಟ್ಟಳು. ಅವನ ಮುದ್ದೆ ತೋರಿಕೆಯಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಮರುದಿನದಿಂದ ತನ್ನ ಬಟ್ಟೆ ತಾನೇ ಒಗೆದಳು. ಬೆಳಿಗ್ಗೆ ನಲ್ಲಿಯ ನೀರು ಹಿಡಿಯುವ ಕೆಲಸವನ್ನು ಸಿದ್ದಬಸಪ್ಪ ವಹಿಸಿಕೊಂಡ.

ಕೋಟಿನ ಹಿರಿಯರು ಯಾರೆಂದುಕೊಂಡಿರಿ? ಸೋಮಲಿಂಗಪ್ಪನ ಸೋದರಮಾವ. ಹುಡುಗಿ ಭಾನುವಾರ ಎಲ್ಲಿಗೆ ಹೋಗುತ್ತಾಳೆಂದು ಪರೀಕ್ಷಿಸಲು ಬಂದಿದ್ದ ಮಹಾನುಭಾವರು. ನೇರವಾಗಿ ಶಂಭುಲಿಂಗಪ್ಪನವರಲ್ಲಿಗೆ ಹೋಗಿ, ಇಂಥ ಸುಸಂಸ್ಕೃತ ಹುಡುಗಿಯನ್ನು ತಾವು ಕಂಡೇ ಇಲ್ಲ, ಓದು ಬಿಡುವುದೇ ಸರಿ ಎಂದು ಸಭೆಯಲ್ಲೇ ಸಾರಿದಳು ಎಂದರು. ಮಗಳು ಒಪ್ಪಿದಳೆಂದು ಅಪ್ಪನ ಸಂತೋಷ ಹೇಳತೀರದು. ಅವಳನ್ನು ಒಂದು ಮಾತು ಕೇಳುವ ಗೋಜಿಗೂ ಹೋಗದೆ, ಮುಂದಿನ ಭಾನುವಾರವೇ ದಿನ ಗೊತ್ತು ಮಾಡಲು ಕರೆದರು. ಆ ಭಾನುವಾರ ಕೂಟಕ್ಕೆ ಕರೆಯಲು ಬಂದ ಪಂಕಜಾಳಿಗೂ ಗೇಟಿನಲ್ಲೇ, ಜಯದೇವಿ ತನ್ನ ಇಷ್ಟದಿಂದಲೇ ಕಾಲೇಜು ಬಿಡುತ್ತಿದ್ದಾಳೆ, ಮದುವೆ ಗೊತ್ತಾಯಿತು ಎಂದು ಹೇಳಿ ಕಳಿಸಿದರು.

ಒಳಗೆ ಜಮಖಾನದ ಮೇಲೆ ಗಂಡಿನ ಕಡೆಯವರು ಕೂತಾಗಲೇ ಜಯದೇವಿಗೆ ವಿಷಯ ತಿಳಿದದ್ದು.

"ಅವತ್ತು ಹೇಳಿದ್ದು ನನ್ನ ಅಭಿಪ್ರಾಯ ಅಲ್ಲ," ಅಂದಳು.

ಹಾಗಾದರೆ ಅಷ್ಟು ಜನರ ಮುಂದೆ ಸುಳ್ಳು ಹೇಳಿದೆಯಾ ಎಂದರು ಸೋದರಮಾವ. ಅವಳು ಕೂಟದ ಕಟ್ಟಳೆ ವಿವರಿಸಿದಳು. ಕೇಳುತ್ತಾ ಕೇಳುತ್ತಾ ಅವರ ತುಟಿ ಒಂದು ಪಕ್ಕಕ್ಕೆ ಎಳೆಯಿತು. ಆ ತಾತ್ಸಾರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನವೆಂಬರಿನಲ್ಲಿ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಾಗ ತನ್ನ ಮುಖವೂ ಹೀಗೇ ಇದ್ದಿರಬೇಕು... ಅವಳಿಗೆ ನಾಚಿಕೆಯಾಯಿತು. ಲಕ್ಷ್ಮೀಪತಿ ಅದನ್ನು ಎದುರಿಗೆ ನಿಂತು ಸಹಿಸಿಕೊಂಡಿದ್ದ.

"ನನ್ನ ಅಭಿಪ್ರಾಯ ಈಗ ಹೇಳ್ತೀನಿ," ಅಂದಳು. "ನಾನು ಪರೀಕ್ಷೆ ಬರೀತೀನಿ. ಓದು ಬಿಡು ಅನ್ನೋರ ಮನೆಗೆ ಬರಲ್ಲ."

ಸೋಮಲಿಂಗಪ್ಪ ಬಾಚಣಿಗೆ ಜೇಬಿಗೆ ಹಾಕಿಕೊಂಡ. ಅಪ್ಪ ಗದರಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಂತವ್ವ, ಬಂದವರ ಮುಂದೆ ಯಾವತ್ತೂ ಬಾಯಿ ಬಿಡದವಳು, ಅವತ್ತು ಬಿಟ್ಟಳು.

"ಮೂರು ವರ್ಷದಿಂದ ಇವಳಿಗೆ ಊಟ ಕಾಯ್ದೋಳು ನಾನು. ಓದು ಬಿಡು ಅನ್ನೋ ಹಕ್ಕು ಯಾರಿಗಾದ್ರೂ ಇದ್ರೆ ನನಗಿದೆ. ನಾನು ಬಿಡು ಅಂತಿಲ್ಲ."

ಗಂಡಿನ ಕಡೆಯವರು ಕಾಫಿ ಮುಟ್ಟದೆ ಎದ್ದರು. ಅಪ್ಪ ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ, ಮನೆ ನೆಮ್ಮದಿಯಾಗಿತ್ತು.

ಆದರೆ ಲಕ್ಷ್ಮೀಪತಿ ಕಾಣಲಿಲ್ಲ. ಮೂರು ಭಾನುವಾರ ಕೂಟಕ್ಕೆ ಬರಲಿಲ್ಲ. ಎರಡನೇ ಶಿಫ್ಟು ಕೇಳಿ ಹಾಕಿಸಿಕೊಂಡಿದ್ದಾನೆ, ತನ್ನ ಸಂಜೆ ಕ್ಲಾಸಿಗೂ ಹೋಗುತ್ತಿಲ್ಲ, ಪರೀಕ್ಷೆಯನ್ನೇ ಬಿಟ್ಟಂತಿದೆ ಎಂದು ಪಂಕಜಾ ಹೇಳಿದಳು. ಜಯದೇವಿಗೆ ಎದೆ ಒಡೆದಂತಾಯಿತು. ಶನಿವಾರ ಅರ್ಧ ದಿನ ರಜೆ ಹಾಕಿ ಮಾಗಡಿ ರಸ್ತೆಯ ಶೆಡ್ಡಿಗೇ ಹೋದಳು. ಮೂರು ಗಂಟೆಯ ಬಿಸಿಲಲ್ಲಿ ಅವನು ಸೈಕಲ್ ಇಳಿದು ಅವಳನ್ನು ನೋಡಿ ಹಾಗೇ ನಿಂತ.

"ಮೂರು ಭಾನುವಾರ ಬರಲಿಲ್ಲ."

"ಶಿಫ್ಟು..."

"ಭಾನುವಾರ ನಿಮ್ಮ ಶೆಡ್ಡಿಗೆ ರಜೆ. ಬೋರ್ಡಿನ ಮೇಲೇ ಬರೆದಿದೆ."

ಅವನು ಹ್ಯಾಂಡಲ್ ನೋಡುತ್ತಾ ಹೇಳಿದ. "ಮದುವೆ ಗೊತ್ತಾಯ್ತು, ನೀವೇ ಇಷ್ಟಪಟ್ಟು ಓದು ಬಿಡ್ತೀರಿ ಅಂತ ಪಂಕಜಾ ಹೇಳಿದ್ರು. ಅವತ್ತು ಅಷ್ಟು ಮನಸ್ಸಿಟ್ಟು ಮಾತಾಡಿದ್ರಲ್ಲ... ನಿಜ ಇರಬೇಕು ಅನ್ನಿಸ್ತು."

"ನಾಲ್ಕು ವರ್ಷದಿಂದ ಆ ಕೂಟದಲ್ಲಿ ಇದೀರಿ. ಕಟ್ಟಳೆ ಗೊತ್ತಿಲ್ವಾ?"

"ಬೇರೆಯವರ ವಿಷಯದಲ್ಲಿ ಗೊತ್ತಿತ್ತು. ನಿಮ್ಮ ವಿಷಯದಲ್ಲಿ ಮರೆತುಹೋಯ್ತು."

ಬೈಯಲು ಬೇಕಾದ ಮಾತೆಲ್ಲ ಅವಳ ಬಾಯಲ್ಲಿ ತಯಾರಾಗಿತ್ತು. ಆದರೆ ಕಣ್ಣಲ್ಲಿ ನೀರು ತುಂಬಿತು. ಮದುವೆ ಮುರಿದದ್ದನ್ನು, ತಾನು ಹೇಳಿದ್ದನ್ನು, ಅಮ್ಮ ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ನವೆಂಬರಿನಲ್ಲಿ ನಾನು ಅಷ್ಟು ಅಂದಾಗ ನೀವು ಯಾಕೆ ತಿರುಗಿ ಬೈಲಿಲ್ಲ?" ಎಂದು ಕೇಳಿದಳು.

"ಬೈಬೇಕು ಅಂತಾನೇ ಇದ್ದೆ. ಮುಂದಿನ ಭಾನುವಾರ ನೀವು ಮತ್ತೆ ಬಂದ್ರಿ. ಬೈದ್ರೆ ಆಮೇಲೆ ಬರ್ತೀರೋ ಇಲ್ವೋ ಅಂತ ಹೆದರಿಕೆ ಆಯ್ತು."

ಜಯದೇವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಈಗ ನಿಮ್ಮ ಮನಸ್ಸಲ್ಲಿ ಏನಿದೆ ಅದನ್ನ ಹೇಳಿ."

ಅರ್ಧ ಗಂಟೆ ನಿಲ್ಲಿಸದೆ ಮಾತಾಡಬಲ್ಲವನು ತಡವರಿಸಿದ. "ನಮ್ಮದು ಹೆಂಚಿನ ಮನೆ. ನಾನು ನಿಮ್ಮೋರಲ್ಲ. ನಿಮ್ಮಪ್ಪ ಒಪ್ಪಲ್ಲ..."

"ಅದು ಅಪ್ಪನ ಮಾತು. ಅವರೇ ಹೇಳ್ಕೋತಾರೆ. ನಿಮ್ಮದು ಹೇಳಿ."

"ನನಗೆ ನೀವು ಬೇಕು," ಅಂದ ಲಕ್ಷ್ಮೀಪತಿ.

ಶೆಡ್ಡಿನಲ್ಲಿ ಶಿಫ್ಟಿನ ಗಂಟೆ ಹೊಡೆಯಿತು. ಇಬ್ಬರೂ ಅಲ್ಲಾಡಲಿಲ್ಲ.

"ನನಗೂ," ಅಂದಳು ಅವಳು. ಆಮೇಲೆ ಹೇಳಿದಳು, "ಸೋಮವಾರದಿಂದ ಮೊದಲನೇ ಶಿಫ್ಟು ಹಾಕಿಸ್ಕೊಂಡು ಕ್ಲಾಸಿಗೆ ಹೋಗಿ. ಫೇಲಾದವರನ್ನ ಮದುವೆ ಆಗೋಕೆ ನನ್ನ ಕೈಲಿ ಆಗಲ್ಲ."

"ಹೋದ ವರ್ಷ ಫೇಲಾದೋರು ನೀವಲ್ವಾ?" ಎಂದು ಅವನು ಮೆಲ್ಲಗೆ ಕೇಳಿದ.

"ಅದಕ್ಕೇ ಹೇಳ್ತಾ ಇರೋದು. ಮನೇಲಿ ಒಬ್ಬರು ಫೇಲಾಗಿದ್ರೆ ಸಾಕು."